ಅತ್ತೆಯ ಸೌಟು, ಅಳಿಯನ ಕೊಡೆ

ಉಡುಪಿಯ ಕಡೆಯ ಲೋಕನಾಥನಿಗೆ ಪುಣೆಯ ಬುಧವಾರ ಪೇಠೆಯಲ್ಲಿ ಹೋಟೆಲಿಗೆಂದು ಜಾಗ ಸಿಕ್ಕಿದ್ದು ೧೯೩೮ರ ಆಷಾಢದಲ್ಲಿ. ಹದಿನಾಲ್ಕು ವರ್ಷ ಬೇರೆಯವರ ಹೋಟೆಲುಗಳಲ್ಲಿ ರುಬ್ಬಿ, ಬೇಯಿಸಿ, ಬಡಿಸಿದವನಿಗೆ ಈಗ ತನ್ನದೇ ಒಲೆ, ತನ್ನದೇ ಕಾವಲಿ. ದಸರೆಯ ದಿನ ಬಾಗಿಲು ತೆರೆಯುವುದೆಂದು ಗೊತ್ತಾಯಿತು.

"ಆ ದಿನ ಎಂತ ವಿಶೇಷ ಮಾಡುವ?" ಎಂದು ಹೆಂಡತಿ ಲೀಲಾಕ್ಷಿ ಕೇಳಿದಳು.

"ಪೂಜೆ ಉಂಟಲ್ಲ. ಮತ್ತೆ ಒಂದು ಸಿನೆಮಾ ತೋರಿಸಬೇಕು ಅಂತ ಉಂಟು ನನಗೆ."

ಯಾವ ಸಿನೆಮಾ ಎಂದು ಲೀಲಾಕ್ಷಿ ಕೇಳಲಿಲ್ಲ. ಮದುವೆಯಾದಂದಿನಿಂದ ಅವಳು ಅದೊಂದೇ ಸಿನೆಮಾದ ಕತೆ ಕೇಳುತ್ತ ಬಂದವಳು. ಅವಳಿಗಾದರೂ ಅದು ಎಂದೂ ಪೂರ್ತಿ ಗೊತ್ತಾಗಿರಲಿಲ್ಲ. "ಅಳಿಯ ಕೊಡೆ ಹಿಡ್ಕೊಂಡು ಬರ್ತಾನೆ, ಬಂದವನು ಬಾಗಿಲಲ್ಲಿ" ಎನ್ನುವಷ್ಟರಲ್ಲಿ ಲೋಕನಾಥನಿಗೇ ನಗು ಬಂದು ಮಾತು ನಿಂತುಹೋಗುತ್ತಿತ್ತು. ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡಿದರೆ ಕತೆಯಲ್ಲಿ ಒಂದು ಆಡು ಬರುವ ಹೊತ್ತಿಗೆ ಮತ್ತೆ ಅದೇ ಗತಿ. ನಗುವುದು ಅವನೊಬ್ಬನೇ. ಕೇಳುವವರು ಅವನ ಮುಖ ನೋಡುತ್ತ ಕೂರುತ್ತಿದ್ದರು.

ಆ ಸಿನೆಮಾದ ಹೆಸರು 'ಜಾವಯಾಚಿ ಛತ್ರಿ', ಅಂದರೆ ಅಳಿಯನ ಕೊಡೆ. ಮಾತಿಲ್ಲದ ಕಾಲದ ಹನ್ನೆರಡು ನಿಮಿಷದ ತಮಾಷೆ. ದೊಡ್ಡ ಪೌರಾಣಿಕ ಚಿತ್ರ ಶುರುವಾಗುವ ಮುಂಚೆ ಜನರನ್ನು ನಗಿಸಲು ಹಾಕುತ್ತಿದ್ದದ್ದು. ಲೋಕನಾಥ ಅದನ್ನು ನೋಡಿದ್ದು ೧೯೨೪ರಲ್ಲಿ, ಪುಣೆಗೆ ಬಂದ ಎರಡನೆಯ ತಿಂಗಳು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ತುಳು ಮತ್ತು ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಗಿರಾಕಿ ಚಹಾ ಕೇಳಿದರೆ ನೀರು ತಂದಿಡುತ್ತಿದ್ದ, ನೀರು ಕೇಳಿದರೆ ಬಿಲ್ಲು ಬರೆಸುತ್ತಿದ್ದ. ಬೈಗುಳ ತಿಂದು ತಿಂದು, ಇನ್ನು ಆಗದು, ನಾಳೆ ಊರಿಗೆ ಹೊರಡುವುದೇ ಸೈ ಎಂದು ಟ್ರಂಕು ಕಟ್ಟಿಟ್ಟಿದ್ದ. ಆ ಸಂಜೆ ಜೊತೆಯವರು ಎಳೆದುಕೊಂಡು ಹೋಗಿ ಸಿನೆಮಾದಲ್ಲಿ ಕೂರಿಸಿದರು.

ಪರದೆಯ ಮೇಲೆ ಮರಾಠಿಯ ಅಕ್ಷರಗಳು ಬಂದು ಹೋದವು. ಅವನಿಗೆ ಒಂದೂ ತಿಳಿಯಲಿಲ್ಲ. ಆಮೇಲೆ ಒಬ್ಬ ಮುದಿ ಅತ್ತೆ ಸೌಟು ಹಿಡಿದು, ಒಂದು ಕೈ ಸೊಂಟದ ಮೇಲಿಟ್ಟು, ಅಳಿಯನನ್ನು ನೋಡಿ ಬಾಯಿ ಆಡಿಸಿದಳು. ಆ ತುಟಿಗಳನ್ನು ನೋಡುತ್ತಿದ್ದ ಲೋಕನಾಥ ಬೆಂಚಿನ ಮೇಲೆ ನೆಟ್ಟಗೆ ಕೂತ. ಅವಳು ಹೇಳಿದ್ದು "ಬಾ ಇಲ್ಲಿ, ಬಾ". ಸಂಶಯವೇ ಇಲ್ಲ. ಕೆಳಗಿನ ಮರಾಠಿ ಬರಹ ಏನಾದರೂ ಇರಲಿ, ಆ ಮುದುಕಿ ಬೈಯುತ್ತಿದ್ದದ್ದು ಕನ್ನಡದಲ್ಲಿ. ಒಂದೂ ಸದ್ದಿಲ್ಲದ ಪರದೆಯಿಂದ ತನ್ನ ಭಾಷೆ ಕೇಳಿದಂತಾಗಿ ಅವನು ನಗತೊಡಗಿದ. ನಕ್ಕು ನಕ್ಕು ಪಕ್ಕದವನ ಹೆಗಲ ಮೇಲೆ ಬಿದ್ದ. ಮರುದಿನ ಟ್ರಂಕು ಬಿಚ್ಚಿದ. ಆಮೇಲೆ ಆ ಸಿನೆಮಾ ಊರಲ್ಲಿ ಇದ್ದಷ್ಟು ದಿನ ಹೋಗಿ ಹನ್ನೊಂದು ಸಲ ನೋಡಿದ.

ಶ್ರಾವಣ ಬರುತ್ತಲೇ ಲೋಕನಾಥ ಆ ರೀಲಿಗಾಗಿ ಹುಡುಕಾಟ ಶುರು ಮಾಡಿದ. ಚಿತ್ರಮಂದಿರಗಳ ಮ್ಯಾನೇಜರುಗಳು ಅವನನ್ನು ನೋಡಿ ನಕ್ಕರು. ಈಗ ಎಲ್ಲ ಚಿತ್ರಗಳೂ ಮಾತಾಡುತ್ತವೆ, ಮೂಕ ಚಿತ್ರ ಯಾರು ಇಟ್ಟುಕೊಳ್ಳುತ್ತಾರೆ ಎಂದರು. ಕೊನೆಗೆ ಒಬ್ಬ ಹಳೆಯ ಟಿಕೇಟು ಮಾಸ್ತರ, ಅದನ್ನು ತೆಗೆದವನು ಶುಕ್ರವಾರ ಪೇಠೆಯ ಫೋಟೋದವ ಅವಧೂತರಾವ್ ಎಂದು ಗುರುತು ಹೇಳಿದ.

ಅವಧೂತರಾವ್ ಎಂಬವನು ಮರಾಠಿಯ ತೆಳ್ಳನೆಯ ವೃದ್ಧ. ಈಗಲೂ ಮದುವೆಯ ಫೋಟೋ ತೆಗೆಯುತ್ತಿದ್ದ. ಲೋಕನಾಥ ಬಂದ ಕಾರಣ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ.

"ಏಳು ತಮಾಷೆ ಚಿತ್ರ ತೆಗೆದಿದ್ದೆ. ಅದರಲ್ಲಿ ಮೂರು ಚಿತ್ರ ಮಳೆಗಾಲದ ತೇವಕ್ಕೆ ಅಂಟಂಟಾಗಿ ಹಾಳಾದವು. ಉಳಿದವನ್ನು ಟಾಕಿ ಬಂದ ಮೇಲೆ ಒಬ್ಬ ವ್ಯಾಪಾರಿ ಒಯ್ದ. ಫಿಲ್ಮಿನ ಮೇಲಿನ ಬೆಳ್ಳಿಯನ್ನು ತೊಳೆದು ತೆಗೆಯುತ್ತಾರೆ. ಬರಿಯ ಪಟ್ಟಿಯಿಂದ ಬಳೆ ಮಾಡುತ್ತಾರಂತೆ. ನಿಮ್ಮ ಅತ್ತೆ, ಅಳಿಯ ಇಬ್ಬರೂ ಈಗ ಯಾರ ಕೈಯಲ್ಲಿದ್ದಾರೋ ಏನೋ."

ಲೋಕನಾಥನ ಮುಖ ಸಣ್ಣಗಾಯಿತು. ಹದಿನಾಲ್ಕು ವರ್ಷ ತಲೆಯೊಳಗೆ ಓಡಿದ ಚಿತ್ರ ಹೊರಗೆ ಎಲ್ಲಿಯೂ ಇಲ್ಲ ಎಂಬುದು ಅವನಿಗೆ ಒಮ್ಮೆಲೆ ನಂಬಲಾಗಲಿಲ್ಲ.

"ಪಾಪ, ಆ ಮುದುಕಿ," ಎಂದ. "ಚಿತ್ರವೂ ಹೋಯಿತು, ಅವರೂ ತೀರಿಹೋಗಿರಬೇಕು."

ಅವಧೂತರಾವ್ ಆಗ ಮೊದಲ ಸಲ ನಕ್ಕ. "ಯಾವ ಮುದುಕಿ? ಅವಳಿಗೆ ಆಗ ಇಪ್ಪತ್ತೆರಡು. ನಿಮ್ಮ ಕನ್ನಡದವಳೇ, ಧಾರವಾಡ ಕಡೆಯ ರಂಗೂಬಾಯಿ. ನಾಟಕ ಕಂಪನಿಯಿಂದ ಬಂದವಳು. ತಲೆಗೆ ಬೂದಿ ಬಳಿದು, ಎರಡು ಕೆನ್ನೆಯೊಳಗೆ ಒಂದೊಂದು ಅಡಿಕೆ ಇಡಿಸಿದ್ದೆ. ಅಳಿಯನಾಗಿದ್ದ ಪ್ರಲ್ಹಾದ ರೈಲ್ವೆ ಕೆಲಸಕ್ಕೆಂದು ಆಫ್ರಿಕಾಕ್ಕೆ ಹೋದ. ಅವಳು ಮಾತ್ರ ಇಲ್ಲೇ ನಾರಾಯಣ ಪೇಠೆಯಲ್ಲಿ ಖಾನಾವಳಿ ನಡೆಸುತ್ತಾಳಂತೆ. ತಬಲಾದ ಕೃಷ್ಣಾಜಿಯ ಹೆಂಡತಿ."

ಲೋಕನಾಥ ಅಲ್ಲಿಂದ ಎದ್ದು ನೇರವಾಗಿ ನಾರಾಯಣ ಪೇಠೆಗೆ ನಡೆದ. ಮಳೆ ಬರುತ್ತಿತ್ತು. ಕೊಡೆ ಬಿಡಿಸುವುದನ್ನೂ ಮರೆತಿದ್ದ.

ಖಾನಾವಳಿ ಒಂದು ವಾಡೆಯ ಕೆಳಗಿನ ಅಂತಸ್ತಿನಲ್ಲಿತ್ತು. ಬೆಳಗಾವಿ, ಧಾರವಾಡಗಳಿಂದ ಓದಲು ಬಂದವರು, ಕಚೇರಿಯ ಕಾರಕೂನರು ಸಾಲಾಗಿ ಕೂತು ಉಣ್ಣುತ್ತಿದ್ದರು. ಲೋಕನಾಥನೂ ಒಂದು ಮಣೆಯ ಮೇಲೆ ಕೂತ. ಬಿಸಿ ರೊಟ್ಟಿ, ಝುಣಕ, ಬದನೆಕಾಯಿ ಎಣಗಾಯಿ ಬಡಿಸುತ್ತಿದ್ದ ಹೆಂಗಸು ಮೂವತ್ತೇಳು ಮೂವತ್ತೆಂಟರವಳು. ದುಂಡುಮುಖ, ಹಣೆಯಲ್ಲಿ ದೊಡ್ಡ ಕುಂಕುಮ. ಇವಳೇ ಇರಬಹುದೇ ಎಂದು ಅವನು ನೋಡುತ್ತಿದ್ದಂತೆ, ಮೂಲೆಯಲ್ಲಿದ್ದ ಕಾರಕೂನನೊಬ್ಬ ಅರ್ಧ ರೊಟ್ಟಿ ಬಿಟ್ಟು ಮೆಲ್ಲಗೆ ಏಳಲು ಹೊರಟ. ಹೆಂಗಸು ಸೌಟಿನಿಂದ ಪಾತ್ರೆಯ ಕಂಠಕ್ಕೆ ಒಂದು ಕುಟ್ಟಿ, ಎಡಗೈಯನ್ನು ಸೊಂಟದ ಮೇಲಿಟ್ಟಳು.

"ಬಾ ಇಲ್ಲೆ. ಬಾ. ಅದನ್ನ ಯಾರು ತಿನ್ನವರು, ನಿಮ್ಮಪ್ಪ ಬರ್ತಾನೇನು ಊರಿಂದ?"

ಲೋಕನಾಥನ ಬಾಯಲ್ಲಿದ್ದ ತುತ್ತು ನೆತ್ತಿಗೇರಿತು. ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ. ಇಡೀ ಪಂಕ್ತಿ ಅವನ ಕಡೆ ತಿರುಗಿತು. ಅವಳು ನೀರಿನ ತಂಬಿಗೆ ಹಿಡಿದು ಓಡಿ ಬಂದಳು.

"ಏನಾತ್ರಿ? ಖಾರ ಹತ್ತೇನು? ಯಾಕ ನಗಾಕತ್ತೀರಿ?"

"ಅಕ್ಕಾ," ಎಂದ ಲೋಕನಾಥ ಉಸಿರು ಸಿಕ್ಕ ಮೇಲೆ, "ನಿಮ್ಮನ್ನು ನಾನು ಹನ್ನೊಂದು ಸಲ ನೋಡಿದ್ದೇನೆ."

ರಂಗೂಬಾಯಿಯ ಮುಖ ಗಂಭೀರವಾಯಿತು. "ಊಟ ಮುಗಸ್ರಿ. ಆಮ್ಯಾಲ ಒಳಗ ಬಂದು ಮಾತಾಡ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದಳು.

ಉಣ್ಣುವವರೆಲ್ಲ ಹೋದ ಮೇಲೆ ಒಳಗಿನ ಕೋಣೆಯಲ್ಲಿ ಲೋಕನಾಥ ತನ್ನ ಕತೆಯನ್ನೆಲ್ಲ ಹೇಳಿದ. ಗಂಡ ಕೃಷ್ಣಾಜಿ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ. ಅವನು ಕಡಿಮೆ ಮಾತಿನವನು. ಮೂಕ ಚಿತ್ರಗಳ ಕಾಲದಲ್ಲಿ ಪರದೆಯ ಕೆಳಗೆ ಕೂತು ತಬಲಾ ಬಾರಿಸುವುದು ಅವನ ಕೆಲಸವಾಗಿತ್ತು.

"ಸಿನೆಮಾದಾಕಿ ಅಂದ್ರ ಈ ಪೇಠದಾಗ ಯಾರೂ ಮನಿ ಕೊಡ್ತಿದ್ದಿಲ್ಲರೀ," ಎಂದಳು ರಂಗೂಬಾಯಿ. "ಅದಕ್ಕ ಬಾಯಿ ಮುಚ್ಚಿಕೊಂಡು ಇದ್ದಬಿಟ್ಟೆ. ಈಗ ಈ ಹುಡುಗರು ನನಗ ಅವ್ವಾರ ಅಂತಾರ." ಆಮೇಲೆ ಕೇಳಿದಳು. "ಖರೇನ ಜನಾ ನಕ್ಕರೇನ್ರಿ?"

"ನೀವು ನೋಡಿಲ್ಲವಾ?"

"ಎಲ್ಲಿ ನೋಡೂದು? ಅದು ಪುಣೆದಾಗ ಬಂದಾಗ ನಾ ನಾಟಕದವರ ಜೋಡಿ ಸೊಲ್ಲಾಪುರದಾಗ ಇದ್ದೆ. ತಿರುಗಿ ಬರೂದರಾಗ ತಗದಬಿಟ್ಟಿದ್ರು. ಒಂಬತ್ತು ದಿನ ಕೋಥರೂಡದ ಹೊಲದಾಗ ಬೂದಿ ಬಡಕೊಂಡು ಓಡೇನಿ. ಅದು ಹೆಂಗ ಕಂಡಿತು ಅನ್ನೂದು ಒಂದಿನಾನೂ ಗೊತ್ತಾಗಲಿಲ್ಲ."

ಲೋಕನಾಥ ಮೊದಲಿನಿಂದ ಹೇಳತೊಡಗಿದ. ಈ ಸಲ ನಗು ಬಂದರೂ ತಡೆದುಕೊಂಡ, ಯಾಕೆಂದರೆ ಕೇಳುತ್ತಿದ್ದವಳು ಒಂದು ಮಾತೂ ತಪ್ಪಬಾರದೆಂಬಂತೆ ಮುಂದಕ್ಕೆ ಬಾಗಿದ್ದಳು. ದೀಪಾವಳಿಗೆ ಅಳಿಯ ಬರುತ್ತಾನೆ. ಕೈಯಲ್ಲಿ ಹೊಸ ಕೊಡೆ. ಅದನ್ನು ಮಡಚಲು ಅವನಿಗೆ ಮನಸ್ಸಿಲ್ಲ. ಬಿಡಿಸಿದ ಕೊಡೆಯೊಡನೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ. ಒಳಗೆ ಬಂದರೆ ಕೊಡೆಯ ಕಡ್ಡಿಗೆ ಅತ್ತೆ ಒಣಹಾಕಿದ ಸೀರೆ ಸಿಕ್ಕುತ್ತದೆ. ಬಿಡಿಸಲು ಹೋದರೆ ದಾರಿಯಲ್ಲಿ ಹೋಗುವ ದೊಡ್ಡ ಮನುಷ್ಯನ ಧೋತರ ಸಿಕ್ಕುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ಹಿಡಿಕೆಗೆ ಆಡಿನ ಹಗ್ಗ ಸಿಕ್ಕಿ, ಆಡು ಮುಂದೆ, ಅಳಿಯ ಹಿಂದೆ, ಅವನ ಹಿಂದೆ ಸೌಟು ಹಿಡಿದ ಅತ್ತೆ.

"ಆಡಿಂದು ಇಟ್ಟಿದ್ರೇನು?" ರಂಗೂಬಾಯಿಯ ಕಣ್ಣು ಅಗಲವಾದವು. "ಅದು ಕೆಟ್ಟ ಬಂದದ, ತಗದ ಹಾಕ್ತೀನಿ ಅಂದಿದ್ರು ಅವಧೂತರಾವ್. ಆ ಆಡು ನನ್ನ ಹಾದೂ ಹಾದೂ ಕೆಡವಿತ್ತು."

"ಎರಡು ಸಲ ಹಾಯ್ತದೆ. ಎರಡನೇ ಸಲ ನೀವು ಎದ್ದು ಅದಕ್ಕೇ ಸೌಟು ತೋರಿಸಿ ಬೈತೀರಿ."

"ಮೂರು ಸಲ," ಎಂದ ಕೃಷ್ಣಾಜಿ ಕಂಬದ ಬಳಿಯಿಂದ. ಇಬ್ಬರೂ ಅವನ ಕಡೆ ನೋಡಿದರು. ಅವನು ಪಕ್ಕದಲ್ಲಿದ್ದ ಖಾಲಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಬೆರಳಾಡಿಸಿದ. ಮೊದಲು ನಡಿಗೆ, ಆಮೇಲೆ ಓಟ, ನಡುವೆ ಧಡ್ ಎಂದು ಒಂದು ಪೆಟ್ಟು. ಓಟ, ಪೆಟ್ಟು. ಸ್ವಲ್ಪ ಬಿಟ್ಟು ಮತ್ತೊಂದು. "ನೋಡ್ರಿ, ಇದು ಮೂರನೇದು. ನಲವತ್ತು ಆಟಕ್ಕ ಬಾರಿಸೇನಿ, ಕೈಗೆ ಇನ್ನೂ ನೆಪ್ಪದ."

ಲೋಕನಾಥ ಕಣ್ಣು ಮುಚ್ಚಿ ಕೇಳಿದ. ಹೌದು, ಮೂರು ಸಲ. ಆ ಪೆಟ್ಟು ಕೇಳಿದಾಗ ಅತ್ತೆ ಮೂರನೆಯ ಸಲ ಮಣ್ಣಿಂದ ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು.

"ಪರದೆ ಬುಡದಾಗ ಕೂತು ಮ್ಯಾಲ ನೋಡ್ತಿದ್ದೆ," ಎಂದು ಕೃಷ್ಣಾಜಿ ಅಪರೂಪಕ್ಕೆ ಮಾತು ಮುಂದುವರಿಸಿದ. "ಕನ್ನಡದಾಗ ಬೈತಾಳಲ್ಲ ಈಕಿ ಅಂತ ತುಟಿ ನೋಡಿ ತಿಳೀತು. ಎಂಥೆಂಥಾ ಬೈಗಳಾ ಅಂತೀರಿ. ಮರಾಠಿ ಮಂದಿಗೆ ಏನ ತಿಳೀಬೇಕು. ನಾ ಒಬ್ಬನ ಕೆಳಗ ನಗತಿದ್ದೆ. ಯಾರು ಈ ಹೆಣ್ಣಮಗಳು ಅಂತ ಹುಡುಕಿಕೊಂಡು ಹೋದೆ."

"ಇದನ್ನ ನನಗ ಹೇಳೇ ಇಲ್ಲಲ್ಲ ನೀವು, ಇಷ್ಟು ವರ್ಷ," ಎಂದಳು ರಂಗೂಬಾಯಿ. ಕೃಷ್ಣಾಜಿ ಡಬ್ಬಿಯನ್ನು ಪಕ್ಕಕ್ಕೆ ಇಟ್ಟ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆನ್ನೆ ಕೆಂಪಾಗಿತ್ತು.

ಲೋಕನಾಥ ಆಗ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಚಿತ್ರ ಬಳೆಯಾಗಿ ಹೋಯಿತು, ಹೋಗಲಿ. ದಸರೆಯ ದಿನ ಅದನ್ನೇ ನನ್ನ ಹೋಟೆಲಿನಲ್ಲಿ ಆಡಿ ತೋರಿಸಿ.

ರಂಗೂಬಾಯಿ ಮೊದಲು ಒಲ್ಲೆನೆಂದಳು. ಎರಡನೆಯ ದಿನ ಲೀಲಾಕ್ಷಿಯೇ ಬಂದು ಕೇಳಿದಾಗ, ಅಳಿಯ ಯಾರು ಎಂದು ವಿಚಾರಿಸಿದಳು. ಮೂರನೆಯ ದಿನ ಒಂದು ಷರತ್ತು ಹಾಕಿದಳು. "ಮುಂದಿನ ಸಾಲಿನಾಗ ಹೆಂಗಸರು ಕೂಡಬೇಕು. ಆವಾಗ ಒಬ್ಬಾಕಿ ಹೆಂಗಸೂ ಬಂದು ನೋಡಿರಾಕಿಲ್ಲ. ಹೆಂಗಸರು ನಗೂದು ನಾ ನೋಡಬೇಕು."

"ಕರೆಯುವ ಕೆಲಸ ನನಗೆ ಬಿಡಿ," ಎಂದಳು ಲೀಲಾಕ್ಷಿ.

ಅಳಿಯನ ಪಾತ್ರಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಯಾರನ್ನು ನಿಲ್ಲಿಸಿದರೂ ಲೋಕನಾಥ "ಹಾಗಲ್ಲ, ಅವನು ಎಡಗಾಲು ಮೊದಲು ಇಡುವುದು" ಎನ್ನುತ್ತ ತಾನೇ ಮಾಡಿ ತೋರಿಸುತ್ತಿದ್ದ. ಒಂದು ಮಧ್ಯಾಹ್ನ ರಂಗೂಬಾಯಿ ಸೌಟಿನಿಂದ ಅವನ ಎದೆಗೆ ಮೆಲ್ಲಗೆ ತಿವಿದು ಹೇಳಿದಳು, "ಅಳಿಯಾ ನೀವ."

"ನಾನು ಧಣಿ ಅಲ್ಲವಾ ಅಕ್ಕಾ. ಮೊದಲ ದಿನವೇ ಗಿರಾಕಿಗಳ ಎದುರು ಬೀಳುವುದಾ?"

"ಹೌದ್ರಿ. ಧಣಿ ಬಿದ್ರ ಭಾಳ ನಗ್ತಾರ."

ಅಂದಿನಿಂದ ಖಾನಾವಳಿಯ ಊಟ ಮುಗಿದ ಮೇಲೆ ದಿನಾ ಎರಡು ತಾಸು ಹಾಸಿಗೆ ಹಾಸಿ ಬೀಳುವ ಪಾಠ. ಲೋಕನಾಥ ಮರದ ಕೊರಡಿನಂತೆ ಬೀಳುತ್ತಿದ್ದ. "ಹಂಗ ಬಿದ್ರ ಜನಾ ಅಯ್ಯೋ ಅಂತಾರ," ಎಂದು ರಂಗೂಬಾಯಿ ತಿದ್ದುತ್ತಿದ್ದಳು. "ಮೊದಲ ಮಾರಿಗೆ ಗೊತ್ತಾಗಬೇಕು ಬೀಳ್ತೀನಿ ಅಂತ. ಆಮ್ಯಾಲ ಕೈಗೆ. ಕಡೀಕ ಕಾಲಿಗೆ." ಹೇಳಿ ತಾನೇ ಬಿದ್ದು ತೋರಿಸುತ್ತಿದ್ದಳು. ಹದಿನೈದು ವರ್ಷ ಆಗಿದ್ದರೂ ಅವಳು ಬೀಳುವಾಗ ಹೂವಿನ ಬುಟ್ಟಿ ಮಗುಚಿದಂತಿತ್ತು. ದಸರೆ ಹತ್ತಿರ ಬರುವ ಹೊತ್ತಿಗೆ ಲೋಕನಾಥನ ಎಡ ಮಗ್ಗುಲು ನೀಲಿಗಟ್ಟಿತ್ತು, ಆದರೆ ಮುಖ ಮೊದಲು, ಕಾಲು ಕಡೆಗೆ ಎಂಬುದು ಮೈಗೆ ಹತ್ತಿತ್ತು.

ದಸರೆಯ ಬೆಳಿಗ್ಗೆ ಪೂಜೆಯಾಗಿ, ಬಂದವರಿಗೆಲ್ಲ ದೋಸೆ ಮತ್ತು ಲಾಡು ಕೊಟ್ಟದ್ದಾಯಿತು. ಮಧ್ಯಾಹ್ನ ಮೇಜುಗಳನ್ನು ಗೋಡೆಗೆ ಸರಿಸಿದರು. ಮುಂದೆ ಚಾಪೆಯ ಮೇಲೆ ಹೆಂಗಸರು. ಲೀಲಾಕ್ಷಿ ಮನೆ ಮನೆಗೆ ಹೋಗಿ ಕರೆದಿದ್ದಳು. ಮರಾಠಿ, ಕನ್ನಡ, ತುಳು ಮೂರೂ ಭಾಷೆಯ ಗಲಗಲ. ಹಿಂದೆ ಗಂಡಸರು, ಅವರ ನಡುವೆ ಖಾನಾವಳಿಯವರೆಲ್ಲ. ಬಾಗಿಲ ಹೊರಗೂ ಜನ. ಮೂಲೆಯಲ್ಲಿ ಕೃಷ್ಣಾಜಿ ತಬಲಾ ಶ್ರುತಿ ಮಾಡುತ್ತಿದ್ದ. ಅವಧೂತರಾವ್ ಬಿಳಿಯ ಅಂಗರಖಾ ತೊಟ್ಟು ಬಂದಿದ್ದ. ಚಿತ್ರದಲ್ಲಿದ್ದ ಬರಹಗಳನ್ನು ನೆನಪಿನಿಂದ ದೊಡ್ಡ ರಟ್ಟುಗಳ ಮೇಲೆ ಬರೆದು ತಂದಿದ್ದ. ಚಿತ್ರದ ಹೆಸರಿದ್ದ ಮೊದಲನೆಯ ರಟ್ಟು ಎತ್ತಿ ಹಿಡಿದ.

ಲೋಕನಾಥ ಬಿಡಿಸಿದ ಕೊಡೆಯೊಡನೆ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡ. ಎಳೆದ, ದೂಡಿದ, ಒಳಗೆ ಹೋಗಿ ಹೊರಗೆ ಬಂದ. ಜನ ನಕ್ಕದ್ದು ಕೇಳಿಸಿತು, ಆದರೆ ಅವನಿಗೆ ಹೆದರಿಕೆಯಿಂದ ಕಿವಿ ಗುಂಯ್ ಎನ್ನುತ್ತಿತ್ತು. ಅಷ್ಟರಲ್ಲಿ ತಲೆಗೆ ಬೂದಿ ಬಳಿದ ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟಳು. ಮೂಕಾಭಿನಯವೆಂದೇ ಮಾತಾಗಿತ್ತು. ಎರಡು ನಿಮಿಷ ಅವಳು ಬರಿಯ ತುಟಿ ಆಡಿಸಿದಳು. ಕೊಡೆಯ ಕಡ್ಡಿಗೆ ಸೀರೆ ಸಿಕ್ಕಿ ಹರಿದ ಸದ್ದು ಬಂತು. ಅದು ನಿಜವಾಗಿ ಅವಳ ಒಳ್ಳೆಯ ಸೀರೆಯೇ ಆಗಿತ್ತು. ತಡೆಯಲಾಗಲಿಲ್ಲ.

"ಏ ಮಂಗ್ಯಾ, ಅದು ಇಳಕಲ್ ಸೀರಿ ಅದ. ಛತ್ರಿ ಮುಚ್ಚೋ. ನಿಮ್ಮ ಮನಿಯಾಗ ಸೂರು ಇಲ್ಲೇನು, ಒಳಗೂ ಛತ್ರಿ ಹಿಡೀತಿ."

ಖಾನಾವಳಿಯವರು ಹೋ ಎಂದು ಕೂಗಿದರು. ಅವರು ದಿನಾ ಕೇಳುವ ದನಿ ಅದು. ಅವಧೂತರಾವ್ ರಟ್ಟು ಹಿಡಿದುಕೊಂಡೇ ಬಾಯಿ ತೆರೆದು ನಿಂತ. ಚಿತ್ರ ತೆಗೆಯುವಾಗಲೂ ಆಕೆ ಹೀಗೆಯೇ ಬೈದಿದ್ದಳು, ಆಗ ಅರ್ಥ ತಿಳಿದಿರಲಿಲ್ಲ ಎಂದು, ಮಾತು ಮರಾಠಿಗೆ ಬಿಡಿಸಿಕೊಟ್ಟ ಪಕ್ಕದವನಿಗೆ ಹೇಳಿದ. ಆಮೇಲೆ ರಂಗೂಬಾಯಿ ನಿಲ್ಲಲಿಲ್ಲ. ಕನ್ನಡ ಬಾರದ ಮರಾಠಿ ಹೆಂಗಸರು ಪಕ್ಕದವರನ್ನು ಏನಂದಳು, ಏನಂದಳು ಎಂದು ಕೇಳಿ, ತಿಳಿದುಕೊಂಡು ತಡವಾಗಿ ನಗುತ್ತಿದ್ದರು. ಹಾಗಾಗಿ ಒಂದೊಂದು ಮಾತಿಗೆ ಎರಡೆರಡು ಸಲ ನಗೆ ಏಳುತ್ತಿತ್ತು.

ದಾರಿಹೋಕ ದೊಡ್ಡ ಮನುಷ್ಯನಾಗಿ ಹೋಟೆಲಿನಲ್ಲಿ ದೋಸೆ ಹುಯ್ಯುವ ತನಿಯಪ್ಪ ಬಂದ. ಅವನ ಧೋತರ ಕಡ್ಡಿಗೆ ಸಿಕ್ಕಿ ಎಲ್ಲಿಯವರೆಗೆ ಬಿಚ್ಚಬೇಕೆಂದು ಗೊತ್ತು ಮಾಡಿದ್ದರೋ ಅದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಚ್ಚಿತು. ಅವನು ಅಡುಗೆಮನೆಗೆ ಓಡಿದವನು ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ಆಡು. ಹಾಲಿನವನಿಂದ ತಂದ ಆ ಆಡಿಗೆ ಯಾರು ಎಷ್ಟು ಕಲಿಸಿದ್ದರೂ ಓಡುವುದು ಬೇಕಿರಲಿಲ್ಲ. ಅದು ನೇರವಾಗಿ ಅವಧೂತರಾವ್ ಬಳಿ ಹೋಗಿ ಅವನ ಮೊದಲನೆಯ ರಟ್ಟನ್ನು ಮೂಲೆಯಿಂದ ತಿನ್ನತೊಡಗಿತು. ಅವನು ಒಂದು ತುದಿ ಎಳೆದ, ಆಡು ಇನ್ನೊಂದು ತುದಿ ಎಳೆಯಿತು. ಲೋಕನಾಥ ಮುಂದೇನು ಮಾಡಬೇಕೆಂಬುದನ್ನೇ ಮರೆತು ನಿಂತುಬಿಟ್ಟ. ಹನ್ನೊಂದು ಸಲ ನೋಡಿದ ಚಿತ್ರದಲ್ಲಿ ಇದು ಇರಲಿಲ್ಲ.

ಕೃಷ್ಣಾಜಿ ಅವನ ಮುಖ ನೋಡಿದ. ತಬಲಾದ ನಡೆ ಬದಲಿಸಿ ಓಟದ ಗತ್ತು ಹಿಡಿದ. ಆ ಗತ್ತು ಕಿವಿಗೆ ಬೀಳುತ್ತಲೇ ಲೋಕನಾಥನ ಕಾಲು ತಾನಾಗಿ ಓಡಿತು. ಹಿಂದೆ ಸೌಟು. ಮೇಜುಗಳ ಸುತ್ತ, ಕಂಬದ ಸುತ್ತ, ಗಲ್ಲಾಪೆಟ್ಟಿಗೆಯ ಸುತ್ತ. ಪೆಟ್ಟು ಬಿದ್ದಲ್ಲಿ ಅವನು ಬಿದ್ದ. ಮುಖ ಮೊದಲು, ಕೈ ಆಮೇಲೆ, ಕಾಲು ಕಡೆಗೆ. ಜನರ ನಗು ಮೈಮೇಲೆ ನೀರು ಸುರಿದಂತೆ ಬಂತು. ಹೆದರಿಕೆ ಅಲ್ಲಿಗೆ ಹೋಯಿತು. ಎರಡನೆಯ ಸಲ ಬೇಕೆಂದೇ ಇನ್ನೂ ನಿಧಾನವಾಗಿ ಬಿದ್ದ. ಮೂರನೆಯ ಸಲ, ಚಿತ್ರದಲ್ಲಿ ಅಳಿಯ ಬೀಳುವ ನದಿಯ ಬದಲಿಗೆ ಇಟ್ಟಿದ್ದ ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಕೊಡೆಸಹಿತ ಕೂತ.

ತೊಟ್ಟಿಯಿಂದ ತಲೆ ಎತ್ತಿದಾಗ ಅವನಿಗೆ ಮೊದಲು ಕಂಡದ್ದು ಲೀಲಾಕ್ಷಿ. ಅವಳು ಪಕ್ಕದ ಹೆಂಗಸಿನ ಹೆಗಲಿಗೆ ಹಣೆ ಒತ್ತಿ, ಹೊಟ್ಟೆ ಹಿಡಿದುಕೊಂಡು, ಸದ್ದೇ ಬಾರದಂತೆ ನಗುತ್ತಿದ್ದಳು.

ಅತ್ತೆ ತೊಟ್ಟಿಯಿಂದ ಕೊಡೆ ಎತ್ತಿಕೊಂಡು, ಅದರ ಕೆಳಗೆ ಕೂತು, ಅಳಿಯನಿಗೆಂದು ಮಾಡಿದ ಲಾಡುಗಳನ್ನು ಒಂದೊಂದಾಗಿ ತಾನೇ ತಿಂದಳು. ಚಿತ್ರ ಮುಗಿಯುತ್ತಿದ್ದದ್ದು ಹಾಗೆ. ಹೆಂಗಸರು ಎದ್ದು ಬಂದು ಅವಳನ್ನು ಸುತ್ತುವರಿದರು. ಒಬ್ಬ ಅಜ್ಜಿ ಅವಳ ಬೂದಿಯ ತಲೆ ಸವರಿ, ನನ್ನ ಅತ್ತೆ ಥೇಟ್ ಹೀಗೇ ಇದ್ದಳು ಎಂದು ಮರಾಠಿಯಲ್ಲಿ ಹೇಳಿದಳು. ರಂಗೂಬಾಯಿ ಆ ನಗುವ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಳು. ಬಾಯ್ತುಂಬ ಲಾಡು ಇದ್ದುದರಿಂದ ಮಾತಾಡಲಾಗಲಿಲ್ಲ.

ಗುಂಪು ಸ್ವಲ್ಪ ಕರಗಿದ ಮೇಲೆ ಅವಳು ಒದ್ದೆ ಲೋಕನಾಥನನ್ನು ಹತ್ತಿರ ಕರೆದಳು. "ಅದರಾಂಗ ಆತೇನ್ರಿ?"

ಲೋಕನಾಥ ಯೋಚಿಸಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ ಅಕ್ಕಾ. ಅದು ಬೇರೆ. ಅದರಲ್ಲಿ ಹೊಲ ಇತ್ತು, ನದಿ ಇತ್ತು, ಆಡು ಚೆನ್ನಾಗಿ ಓಡ್ತಿತ್ತು. ಆದರೆ ನೀವು ಇವತ್ತು ಹೆಚ್ಚು ಚೆಂದ ಬೈದ್ರಿ."

ರಂಗೂಬಾಯಿ ತಲೆದೂಗಿದಳು. ಆ ಉತ್ತರ ಅವಳಿಗೆ ಹಿಡಿಸಿತೆಂದು ಮುಖದಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಬಾಗಿಲ ಹೊರಗೆ ಗದ್ದಲವೆದ್ದಿತು. ಒಳಗೆ ಜಾಗ ಸಿಗದೆ ಬರಿಯ ನಗೆಯನ್ನಷ್ಟೇ ಕೇಳಿಸಿಕೊಂಡ ನೂರು ಜನ, ನಮಗೆ ಯಾವಾಗ ಎಂದು ಕೇಳುತ್ತಿದ್ದರು. ತನಿಯಪ್ಪ ಅಡುಗೆಮನೆಯಿಂದ ಕತ್ತು ಮಾತ್ರ ಹೊರಗೆ ಹಾಕಿ, "ಇನ್ನೊಮ್ಮೆ ಮಾಡುವುದಾದರೆ ಲಾಡು ಇಲ್ಲ ಧಣಿ, ಎಲ್ಲ ಖರ್ಚಾಯ್ತು" ಎಂದ.

"ಇಡ್ಲಿ ಅದಾವೇನು?" ಎಂದು ಕೇಳಿದಳು ರಂಗೂಬಾಯಿ.

"ಬೇಕಾದಷ್ಟು ಉಂಟು."

"ಇಡ್ಲಿನ ತಿಂತೀನಿ ತಗೋರಿ," ಎಂದು ಅವಳು ಸೌಟು ಎತ್ತಿಕೊಂಡು ಒಲೆಯ ಬೂದಿಗಾಗಿ ಒಳಗೆ ನಡೆದಳು. ಲೋಕನಾಥ ಧೋತರ ಹಿಂಡಿಕೊಂಡು ಮತ್ತೆ ಕೊಡೆ ಬಿಡಿಸಿದ. ಅವಧೂತರಾವ್ ಆಡಿನ ಬಾಯಿಂದ ಉಳಿದ ರಟ್ಟನ್ನು ಬಿಡಿಸಿಕೊಂಡು ಹೊಸ ಗುಂಪಿನ ಎದುರು ಎತ್ತಿ ಹಿಡಿದ. ಅದರಲ್ಲಿ ಚಿತ್ರದ ಅರ್ಧ ಹೆಸರು ಮಾತ್ರ ಉಳಿದಿತ್ತು, ಆದರೆ ಜನ ಆಗಲೇ ನಗತೊಡಗಿದ್ದರು.